ತೋಳಿನ ಬಲ ಎಲ್ಲಿಂದ ಬರುತ್ತದೆ?

ಬೆಳಗೋಡು ಹೋಬಳಿಯಲ್ಲಾಗಲಿ, ಸಕಲೇಶಪುರ ಮತ್ತು ಆಲೂರು ತಾಲ್ಲೂಕುಗಳ ಇತರ ಗುಡ್ಡದ ಊರುಗಳಲ್ಲಾಗಲಿ, ಸಂಸಾರದ ಮೊದಲ ಬಂಡವಾಳ ಮೈಯ ಬಲವೇ ಸರಿ. ಕಾಫಿ ಗಿಡಗಳ ಕಸಿ, ನೆರಳು ಮರಗಳ ಮರಗಸಿ, ಏಣಿ ಹತ್ತಿ ಮೆಣಸು ಬಿಡಿಸುವುದು, ಇಳಿಜಾರಿನಲ್ಲಿ ಗೊಬ್ಬರದ ಮೂಟೆ ಹೊರುವುದು, ಮಳೆಗಾಲದಲ್ಲಿ ಕೆಸರುಗದ್ದೆಯ ನಾಟಿ, ಇವೆಲ್ಲವೂ ಮಾಂಸಖಂಡಗಳ ದುಡಿಮೆ. ಆದಕಾರಣ ಮಕ್ಕಳು ಸಾಕೆಂದು ಗಂಡಹೆಂಡಿರು ನಿಶ್ಚಯಿಸಿದಾಗ ಒಂದು ಭಯ ಮನೆಯೊಳಗೆ ತಲೆಯೆತ್ತುತ್ತದೆ: ಗಂಡಸು ಸಂತಾನ ನಿರೋಧ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರೆ ಅವನ ತೋಳು ಸೋಲುವುದಿಲ್ಲವೇ? ಮೂಟೆ ಹೊರುವವರು ಆಮೇಲೆ ಯಾರು?

ಈ ಪ್ರಶ್ನೆಯನ್ನು ಅಜ್ಞಾನವೆಂದು ನಗೆಯಾಡಿ ತಳ್ಳಿಹಾಕುವುದು ತರವಲ್ಲ. ಕೂಲಿಯನ್ನೇ ನಂಬಿದವನು ತನ್ನ ತೋಳಿನ ಬಗ್ಗೆ ಚಿಂತಿಸುವುದು ವಿವೇಕವೇ. ಅದಕ್ಕೆ ಉತ್ತರವನ್ನು ಮಾಂಸಖಂಡದೊಳಗೇ ಹುಡುಕಬೇಕು. ಅದು ಹೇಗೆ ಕೆಲಸ ಮಾಡುತ್ತದೆ, ಬಲವನ್ನು ಎಲ್ಲಿಂದ ಪಡೆಯುತ್ತದೆ ಎಂಬುದನ್ನು ಮೊದಲು ತಿಳಿಯೋಣ.

ನಮ್ಮ ದೇಹದಲ್ಲಿ 600ಕ್ಕೂ ಹೆಚ್ಚು ಮಾಂಸಖಂಡಗಳಿವೆ. ಎಲುಬುಗಳಿಗೆ ಅಂಟಿಕೊಂಡಿರುವ ಇವುಗಳಿಗೆ ಬಲ್ಲದ್ದು ಒಂದೇ ವಿದ್ಯೆ, ಎಳೆಯುವುದು. ಯಾವ ಮಾಂಸಖಂಡವೂ ತಳ್ಳಲಾರದು. ಹಾಗಿದ್ದರೆ ನಾವು ಗಾಡಿಯನ್ನು ತಳ್ಳುವುದು ಹೇಗೆ? ಹಿಂದೆ ಮರ ಕೊಯ್ಯಲು ಇಬ್ಬರು ಸೇರಿ ಉದ್ದ ಗರಗಸ ಎಳೆಯುತ್ತಿದ್ದುದನ್ನು ಹಿರಿಯರು ಕಂಡಿದ್ದಾರೆ. ಒಬ್ಬನು ಎಳೆಯುವಾಗ ಇನ್ನೊಬ್ಬನು ಸಡಿಲ ಬಿಡುತ್ತಾನೆ; ಇಬ್ಬರೂ ಎಳೆಯುವವರೇ, ಗರಗಸ ಮಾತ್ರ ಹಿಂದೆ ಮುಂದೆ ಹೋಗುತ್ತದೆ. ತೋಳಿನಲ್ಲಿಯೂ ಹಾಗೆಯೇ. ಮುಂಭಾಗದ ಖಂಡ ಎಳೆದರೆ ಮೊಣಕೈ ಮಡಿಚುತ್ತದೆ, ಹಿಂಭಾಗದ ಖಂಡ ಎಳೆದರೆ ಚಾಚುತ್ತದೆ. ತಳ್ಳುವಾಗಲೂ ಒಳಗೆ ನಡೆಯುವುದು ಎಳೆತವೇ.

ಈ ಎಳೆತದ ಗುಟ್ಟು ಬಿಡಿಸಿಕೊಂಡದ್ದು 1954ರಲ್ಲಿ. ಹ್ಯೂ ಹಕ್ಸ್ಲಿ ಮತ್ತು ಜೀನ್ ಹ್ಯಾನ್ಸನ್ ಎಂಬ ಜೋಡಿ, ಆಂಡ್ರೂ ಹಕ್ಸ್ಲಿ ಮತ್ತು ರಾಲ್ಫ್ ನೀಡರ್ಗೆರ್ಕೆ ಎಂಬ ಇನ್ನೊಂದು ಜೋಡಿ, ಬೇರೆ ಬೇರೆಯಾಗಿಯೇ ಒಂದೇ ನಿರ್ಣಯಕ್ಕೆ ಬಂದರು. ಮಾಂಸಖಂಡದ ಒಂದೊಂದು ಎಳೆಯೊಳಗೂ ಆಕ್ಟಿನ್ ಎಂಬ ತೆಳು ನೂಲುಗಳೂ ಮಯೋಸಿನ್ ಎಂಬ ದಪ್ಪ ನೂಲುಗಳೂ ಪಕ್ಕಪಕ್ಕದಲ್ಲಿ ಜೋಡಣೆಗೊಂಡಿವೆ. ಬಾವಿಯಿಂದ ಕೊಡ ಸೇದುವವರು ಹಗ್ಗವನ್ನು ಒಂದು ಕೈ ಬಿಟ್ಟು ಇನ್ನೊಂದು ಕೈಯಿಂದ ಹಿಡಿದು ಎಳೆಯುವಂತೆ, ದಪ್ಪ ನೂಲಿನ ಪುಟ್ಟ ಕೈಗಳು ತೆಳು ನೂಲನ್ನು ಹಿಡಿದು ಎಳೆದು ಬಿಟ್ಟು ಮತ್ತೆ ಹಿಡಿಯುತ್ತವೆ. ನೂಲುಗಳು ಗಿಡ್ಡವಾಗುವುದಿಲ್ಲ, ಒಂದರೊಳಗೊಂದು ಸರಿಯುತ್ತವೆ. ಅದರಿಂದ ಖಂಡ ಮೋಟಾಗಿ ಉಬ್ಬುತ್ತದೆ.

ಎಳೆಯಬೇಕೆಂಬ ಅಪ್ಪಣೆ ಮಿದುಳಿನಿಂದ ಬೆನ್ನುಹುರಿಯ ಮೂಲಕ ನರಗಳಲ್ಲಿ ಹರಿದು ಬರುತ್ತದೆ. ಎಳೆಯಲು ಬೇಕಾದ ಶಕ್ತಿ ಉಂಡ ಅನ್ನ, ರೊಟ್ಟಿ, ಮುದ್ದೆಗಳಿಂದ ದೊರೆಯುತ್ತದೆ. ಅವುಗಳ ಸಕ್ಕರೆಯಂಶವನ್ನು ಖಂಡಗಳು ತಮ್ಮಲ್ಲಿಯೇ ಸ್ವಲ್ಪ ಕೂಡಿಟ್ಟುಕೊಂಡಿರುತ್ತವೆ. ಅದನ್ನು ಉರಿಸಲು ಬೇಕಾದ ಆಮ್ಲಜನಕವನ್ನು ರಕ್ತವು ತಂದೊಪ್ಪಿಸುತ್ತದೆ. ರಕ್ತದಲ್ಲಿ ಕಬ್ಬಿಣದ ಅಂಶ ಕಡಿಮೆಯಾದರೆ ತೋಳು ಎಷ್ಟು ದಪ್ಪವಿದ್ದರೂ ಏರು ಹತ್ತುವಾಗ ಏದುಸಿರು ಬರುತ್ತದೆ. ನಮ್ಮ ಕಡೆಯ ಒಂದು ಅಭ್ಯಾಸವನ್ನು ಇಲ್ಲಿ ಹೇಳಲೇಬೇಕು. ಕಾಫಿ ಸೀಮೆಯವರಾದ ನಾವು ಊಟದ ಬೆನ್ನಿಗೇ ಕಾಫಿ ಕುಡಿಯುತ್ತೇವೆ. ಆರೋಗ್ಯ ಕೇಂದ್ರದವರು ಕೊಟ್ಟ ಕಬ್ಬಿಣಾಂಶದ ಮಾತ್ರೆಯನ್ನೂ ಕಾಫಿಯೊಂದಿಗೇ ನುಂಗುವವರುಂಟು. ಕಾಫಿ, ಚಹಾಗಳು ಕಬ್ಬಿಣವು ದೇಹಕ್ಕೆ ಸೇರುವುದನ್ನು ತಡೆಯುತ್ತವೆ. ಮಾತ್ರೆಗೂ ಕಾಫಿಗೂ ಒಂದೆರಡು ಗಂಟೆಯ ಅಂತರವಿರಲಿ, ಮಾತ್ರೆಯನ್ನು ನೀರಿನಲ್ಲಿಯೇ ನುಂಗಿರಿ.

ಕೆಲಸದ ಮಾರನೆಯ ದಿನದ ನೋವನ್ನೂ ಜನರು ಬಲ ಇಳಿದುದರ ಗುರುತೆಂದು ತಿಳಿಯುತ್ತಾರೆ. ಗಮನಿಸಿ ನೋಡಿರಿ, ಗುಡ್ಡ ಹತ್ತಿದ್ದಕ್ಕಿಂತ ಮೂಟೆ ಹೊತ್ತು ಗುಡ್ಡ ಇಳಿದ ಮೇಲೆಯೇ ತೊಡೆಗಳು ಹೆಚ್ಚು ನೋಯುತ್ತವೆ. ಇಳಿಯುವಾಗ ತೊಡೆಯ ಖಂಡಗಳು ಎಳೆಯುತ್ತಲೇ ಹಿಗ್ಗಬೇಕಾಗುತ್ತದೆ, ಅಂದರೆ ಗಾಡಿಯ ಬಿರಿಯಂತೆ ಭಾರವನ್ನು ತಡೆದು ಹಿಡಿಯಬೇಕಾಗುತ್ತದೆ. ಆಗ ನೂಲುಗಳಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಹರಿತಗಳು ಉಂಟಾಗುತ್ತವೆ. ದೇಹ ಕೆಲವೇ ದಿನಗಳಲ್ಲಿ ಅವನ್ನು ರಿಪೇರಿ ಮಾಡಿ, ಮೊದಲಿಗಿಂತ ಗಟ್ಟಿಮಾಡುತ್ತದೆ. ರಿಪೇರಿಗೆ ಹುರುಳಿ, ಹೆಸರು, ಅವರೆ, ಮೊಟ್ಟೆ, ಮೀನು, ಹಾಲುಗಳ ಸಸಾರಜನಕ ಬೇಕು, ನಿದ್ರೆಯೂ ಬೇಕು.

ತೋಳಿನ ಬಲಕ್ಕೆ ಬೇಕಾದುವು ಇವು: ನರ, ರಕ್ತ, ಆಹಾರ, ದುಡಿಮೆ, ವಿಶ್ರಾಂತಿ. ಗಂಡಸರ ವಿಷಯದಲ್ಲಿ ಇನ್ನೊಂದನ್ನು ಸೇರಿಸಬೇಕು, ಭಯದ ಬೇರು ಇರುವುದು ಅಲ್ಲಿಯೇ. ವೃಷಣಗಳು ಎರಡು ಬೇರೆ ಬೇರೆ ಕೆಲಸಗಳನ್ನು ಮಾಡುತ್ತವೆ. ಒಂದು, ವೀರ್ಯಾಣುಗಳನ್ನು ತಯಾರಿಸಿ ವೀರ್ಯನಾಳದ ಮೂಲಕ ಹೊರಗೆ ಕಳುಹಿಸುವುದು. ಎರಡು, ಟೆಸ್ಟೋಸ್ಟಿರೋನ್ ಎಂಬ ರಸವನ್ನು ತಯಾರಿಸುವುದು. ಗಡ್ಡ ಮೀಸೆ, ಗಡಸು ದನಿ, ಗಂಡಸಿನ ತುಂಬಿದ ಮಾಂಸಖಂಡ, ದಾಂಪತ್ಯದ ಆಸೆ ಇವೆಲ್ಲ ಈ ರಸದ ಪ್ರಭಾವ. ಈ ರಸವು ನಾಳದಲ್ಲಿ ಹರಿಯುವುದಿಲ್ಲ. ಅದು ನೇರವಾಗಿ ರಕ್ತಕ್ಕೆ ಸೇರಿ ಮೈಯೆಲ್ಲ ಹರಡುತ್ತದೆ.

ಹೋರಿಗೆ ಬೀಜ ಒಡೆಸುವುದನ್ನು ರೈತರೆಲ್ಲರೂ ಬಲ್ಲರು. ಮನುಷ್ಯನಿಗೂ ಅದನ್ನೇ ಮಾಡುತ್ತಾರೆಂಬ ಭಾವನೆ ಹಲವರಲ್ಲಿದೆ. ಹೋರಿಗೆ ಇಕ್ಕಳ ಹಾಕಿದಾಗ ಬೀಜಕ್ಕೆ ಹೋಗುವ ರಕ್ತನಾಳಗಳೇ ಜಜ್ಜಿಹೋಗುತ್ತವೆ. ರಕ್ತವಿಲ್ಲದೆ ಬೀಜ ಒಣಗುತ್ತದೆ, ರಸವೂ ನಿಲ್ಲುತ್ತದೆ. ಆದ್ದರಿಂದ ಎತ್ತಿಗೆ ಹೋರಿಯ ಹಿಣಿಲೂ ಇಲ್ಲ, ಹೋರಿಯ ಕೆಚ್ಚೂ ಇಲ್ಲ. (ಆದರೂ ನೇಗಿಲೆಳೆದದ್ದು ಎತ್ತೇ ಎಂಬುದನ್ನು ಮರೆಯಬಾರದು.) ಗಂಡಸರ ಶಸ್ತ್ರಚಿಕಿತ್ಸೆಯಲ್ಲಿ ವೃಷಣಗಳನ್ನು ಮುಟ್ಟುವುದಿಲ್ಲ. ಅವುಗಳ ರಕ್ತನಾಳವನ್ನೂ ನರವನ್ನೂ ಹಾಗೆಯೇ ಬಿಟ್ಟು, ಎರಡೂ ಕಡೆಯ ವೀರ್ಯನಾಳವನ್ನು ಮಾತ್ರ ಕತ್ತರಿಸಿ ಕಟ್ಟುತ್ತಾರೆ. ರಸದ ದಾರಿ ರಕ್ತ, ವೀರ್ಯಾಣುಗಳ ದಾರಿ ನಾಳ. ಗದ್ದೆಯ ಕಾಲುವೆಗೆ ಮಣ್ಣು ಹಾಕಿದರೆ ಮನೆಯ ಬಾವಿ ಬತ್ತುವುದಿಲ್ಲ.

ವೀರ್ಯನಾಳದ ಗೋಡೆಯೂ ಮಾಂಸಖಂಡದಿಂದಲೇ ಆದದ್ದು. ಆದರೆ ಅದು ತೋಳಿನ ಜಾತಿಯದಲ್ಲ. ಕರುಳು, ಗರ್ಭಕೋಶಗಳಲ್ಲಿರುವಂತೆ ನಮ್ಮ ಇಚ್ಛೆಗೆ ಒಳಪಡದೆ ತಾನೇ ಕುಗ್ಗಿ ಹಿಗ್ಗುವ ನುಣುಪು ಖಂಡ. ದಿನಕ್ಕೆ ಸುಮಾರು ಒಂದು ಲಕ್ಷ ಸಲ ಬಡಿಯುವ ಹೃದಯದ ಖಂಡ ಮೂರನೆಯ ಜಾತಿ. ಮಳೆಗಾಲದ ಚಳಿಗೆ ವೃಷಣಗಳು ಮೇಲಕ್ಕೆ ಸೆಳೆದುಕೊಳ್ಳುವುದೂ ಅಲ್ಲಿನ ಸಣ್ಣ ಖಂಡಗಳ ಕೆಲಸವೇ. ಶಸ್ತ್ರಚಿಕಿತ್ಸೆಯ ನಂತರವೂ ಅವು ಮೊದಲಿನಂತೆಯೇ ಸೆಳೆಯುತ್ತವೆ.

ವೀರ್ಯವೂ ಬರುತ್ತದೆ. ಅದರಲ್ಲಿ ವೀರ್ಯಾಣುಗಳ ಪಾಲು ಬಹು ಅಲ್ಪ, ಉಳಿದದ್ದು ಬೇರೆ ಗ್ರಂಥಿಗಳ ದ್ರವ. ನೂರು ತೊಟ್ಟು ರಕ್ತದಿಂದ ಒಂದು ತೊಟ್ಟು ವೀರ್ಯವೆಂಬ ಮಾತು ಹಳೆಯದಾದರೂ ನಿಜವಲ್ಲ. ನಾಳ ಮುಚ್ಚಿದ ಮೇಲೆ ಹುಟ್ಟುವ ವೀರ್ಯಾಣುಗಳನ್ನು ದೇಹವೇ ಕರಗಿಸಿಕೊಳ್ಳುತ್ತದೆ.

ಹಾಗಾದರೆ ಶಸ್ತ್ರಚಿಕಿತ್ಸೆಯ ನಂತರ ಸೋತೆವೆನ್ನುವವರು ಸುಳ್ಳು ಹೇಳುತ್ತಾರೆಯೇ? ಇಲ್ಲ. ಬಹುಮಂದಿ ಮೂವತ್ತೈದು, ನಲವತ್ತರ ವಯಸ್ಸಿನಲ್ಲಿ ಮಾಡಿಸಿಕೊಳ್ಳುತ್ತಾರೆ. ಆ ವಯಸ್ಸಿನಿಂದ ಮುಂದೆ ಎಲ್ಲರ ಮಾಂಸಖಂಡವೂ ಮೆಲ್ಲಗೆ ಇಳಿಯುತ್ತದೆ, ಮಾಡಿಸಿಕೊಳ್ಳದವರದ್ದೂ ಸಹ. ನೂರರಲ್ಲಿ ಒಬ್ಬಿಬ್ಬರಿಗೆ ಆ ಜಾಗದಲ್ಲಿ ಬಹುಕಾಲ ನೋವು ಉಳಿಯುವುದುಂಟು. ಅದಕ್ಕೆ ಚಿಕಿತ್ಸೆ ಬೇಕು, ಮುಚ್ಚಿಡಬಾರದು. ಇನ್ನು, ತುರ್ತು ಪರಿಸ್ಥಿತಿಯ ಕಾಲದಲ್ಲಿ, 1976-77ರ ಒಂದೇ ವರ್ಷದಲ್ಲಿ, ದೇಶದಲ್ಲಿ 60 ಲಕ್ಷಕ್ಕೂ ಹೆಚ್ಚು ಗಂಡಸರಿಗೆ ಈ ಶಸ್ತ್ರಚಿಕಿತ್ಸೆಯಾಯಿತು. ಹಲವೆಡೆ ಬಲವಂತವೂ ನಡೆಯಿತು. ಆ ಅನ್ಯಾಯದ ಕಹಿಯೇ ಭಯವಾಗಿ ಮಕ್ಕಳು ಮೊಮ್ಮಕ್ಕಳಿಗೂ ಇಳಿದಿದೆಯೆಂದರೆ ತಪ್ಪಾಗಲಾರದು. ಈಗ ಮಾಡಿಸಿಕೊಳ್ಳುವವನು ತಾನೇ ತಿಳಿದು ಒಪ್ಪದೆ ಯಾರೂ ಮಾಡುವಂತಿಲ್ಲ.

ಈ ಭಯದ ಬೆಲೆಯನ್ನು ತೆರುತ್ತಿರುವವರು ಹೆಂಗಸರು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ವಿವಾಹಿತ ದಂಪತಿಗಳಲ್ಲಿ ನೂರಕ್ಕೆ 37.9 ಮಂದಿ ಹೆಂಗಸರ ಶಸ್ತ್ರಚಿಕಿತ್ಸೆಯನ್ನು ಅವಲಂಬಿಸಿದ್ದರೆ, ಗಂಡಸರದ್ದನ್ನು ಅವಲಂಬಿಸಿದವರು ಕೇವಲ 0.3. ಕರ್ನಾಟಕದಲ್ಲಿ ಹೆಂಗಸರ ಪಾಲು ಅರ್ಧವನ್ನೂ ಮೀರಿದೆ, ಗಂಡಸರದ್ದು ಸೊನ್ನೆಯ ಬಳಿಯಲ್ಲಿದೆ. ಮಾಂಸಖಂಡಗಳ ಲೆಕ್ಕದಿಂದಲೇ ನೋಡಿದರೂ ಇದು ತಲೆಕೆಳಗಾದ ನ್ಯಾಯ. ಹೆಂಗಸಿನ ನಾಳಗಳು ಹೊಟ್ಟೆಯೊಳಗಿವೆ, ಅಲ್ಲಿಗೆ ತಲುಪಲು ಹೊಟ್ಟೆಯ ಗೋಡೆಯನ್ನೇ ತೆರೆಯಬೇಕು. ಬಸಿರು, ಹೆರಿಗೆಗಳಲ್ಲಿ ಹಿಗ್ಗಿ ದಣಿದ ಆ ಗೋಡೆಯ ಖಂಡಗಳೇ ನಾಟಿಗೆ ಬಗ್ಗುವಾಗಲೂ ಕೊಡ ಎತ್ತುವಾಗಲೂ ಬೆನ್ನಿಗೆ ಆಸರೆ. ಗಂಡಸಿನ ನಾಳವಾದರೋ ಚರ್ಮದ ಕೆಳಗೇ ಇದೆ, ಬೆರಳಿಗೆ ಹುರಿಯಂತೆ ಸಿಗುತ್ತದೆ. ಅದನ್ನು ಮುಚ್ಚಲು ಒಂದು ಮಾಂಸಖಂಡವನ್ನೂ ಕೊಯ್ಯಬೇಕಾಗಿಲ್ಲ.

1974ರಲ್ಲಿ ಚೀನಾದ ವೈದ್ಯ ಲೀ ಷುನ್‌ಚಿಯಾಂಗ್ ರೂಪಿಸಿದ ವಿಧಾನದಲ್ಲಿ ಚಾಕುವೂ ಬೇಡ, ಹೊಲಿಗೆಯೂ ಬೇಡ. ಆ ಜಾಗಕ್ಕೆ ಮಾತ್ರ ಅರಿವಳಿಕೆ ಕೊಟ್ಟು ಚರ್ಮದಲ್ಲಿ ಸಣ್ಣ ರಂಧ್ರ ಮಾಡಿ ಕೆಲವೇ ನಿಮಿಷಗಳಲ್ಲಿ ಮುಗಿಸುತ್ತಾರೆ. ಅದೇ ದಿನ ಮನೆಗೆ ಬರಬಹುದು. ಎರಡು ದಿನ ವಿಶ್ರಾಂತಿ ಬೇಕು. ಒಂದು ವಾರ ಮೂಟೆ ಹೊರುವುದು, ಮರ ಹತ್ತುವುದು, ಸೈಕಲ್ ತುಳಿಯುವುದು ಬೇಡ. ಆದಕಾರಣ ಕಾಫಿ ಕೊಯ್ಲಿನ ಅವಸರದ ದಿನಗಳನ್ನು ಬಿಟ್ಟು ಬೇರೆ ಕಾಲವನ್ನು ಆರಿಸಿಕೊಳ್ಳುವುದು ಅನುಕೂಲ. ಜ್ವರ ಬಂದರೆ, ಊತ ಏರಿದರೆ, ರಕ್ತ ಸೋರಿದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಇದು ಶಾಶ್ವತ ವಿಧಾನ. ನಾಳವನ್ನು ಮತ್ತೆ ಜೋಡಿಸುವ ಶಸ್ತ್ರಚಿಕಿತ್ಸೆ ಇದೆಯಾದರೂ ಫಲ ನಿಶ್ಚಿತವಲ್ಲ. ಇನ್ನೊಂದು ಮಗು ಬೇಕೆಂಬ ಯೋಚನೆ ಸ್ವಲ್ಪವಿದ್ದರೂ ನಿರೋಧ್, ಕಾಪರ್-ಟಿ, ಅಂತರಾ ಚುಚ್ಚುಮದ್ದು, ಛಾಯಾ ಮಾತ್ರೆಗಳಂತಹ ತಾತ್ಕಾಲಿಕ ವಿಧಾನಗಳೇ ಸರಿ.

ಶಸ್ತ್ರಚಿಕಿತ್ಸೆಯಾದ ದಿನದಿಂದಲೇ ರಕ್ಷಣೆ ದೊರೆಯುವುದಿಲ್ಲ. ನಾಳದ ಮುಂಭಾಗದಲ್ಲಿ ಮೊದಲೇ ಇದ್ದ ವೀರ್ಯಾಣುಗಳು ಖಾಲಿಯಾಗಲು ಮೂರು ತಿಂಗಳು ಹಿಡಿಯುತ್ತದೆ. ಅಲ್ಲಿಯವರೆಗೆ ನಿರೋಧ್ ಬಳಸಬೇಕು. ಇದನ್ನು ತಿಳಿಯದೆ ಗರ್ಭ ನಿಂತಾಗ ಹೆಂಡತಿಯ ಮೇಲೆ ಸಂಶಯಪಟ್ಟು ಸಂಸಾರ ಕೆಡಿಸಿಕೊಳ್ಳಬಾರದು. ಮೂರು ತಿಂಗಳು ಕಳೆದ ಮೇಲೂ, ಬಲು ಅಪರೂಪವಾಗಿ, ನಾಳ ತಾನಾಗಿಯೇ ಕೂಡಿಕೊಳ್ಳುವುದುಂಟು. ಮುಟ್ಟು ತಪ್ಪಿದರೆ ಇಬ್ಬರೂ ಕೂಡಿ ಆರೋಗ್ಯ ಕೇಂದ್ರಕ್ಕೆ ಹೋಗಿರಿ. ಮೂರು ತಿಂಗಳು ತುಂಬಿದಾಗ ಗಂಡನು ವೀರ್ಯ ಪರೀಕ್ಷೆ ಮಾಡಿಸಿಕೊಂಡು, ವೀರ್ಯಾಣು ಇಲ್ಲವೆಂದು ವೈದ್ಯರು ಬರೆದುಕೊಟ್ಟ ಚೀಟಿಯನ್ನು ಶಸ್ತ್ರಚಿಕಿತ್ಸೆಯ ಕಾಗದಗಳ ಜೊತೆಯಲ್ಲಿಯೇ ಕಾಪಾಡಿ ಇಟ್ಟುಕೊಳ್ಳತಕ್ಕದ್ದು. ಶಸ್ತ್ರಚಿಕಿತ್ಸೆ ಎಲ್ಲಿ, ಯಾವ ದಿನ ನಡೆಯುತ್ತದೆ ಎಂಬುದನ್ನು ನಿಮ್ಮ ಊರಿನ ಆಶಾ ಕಾರ್ಯಕರ್ತೆಯನ್ನಾಗಲಿ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರನ್ನಾಗಲಿ ಕೇಳಿ ತಿಳಿಯಬಹುದು.