ಪರದೆಯ ಮೇಲೆ ಮಠ ಮರವಾದಾಗ

ವಿಂಡೋಸ್ 10 ಎಂಬ ಕಾರ್ಯವ್ಯವಸ್ಥೆಗೆ ದೊರೆಯುತ್ತಿದ್ದ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಯಂತ್ರ ಗಟ್ಟಿಯಾಗಿರುವಾಗ ಅದನ್ನೇಕೆ ಎಸೆಯಬೇಕೆಂದು, ಮನೆಯ ಗಣಕಯಂತ್ರಕ್ಕೆ ಉಬುಂಟು, ಮಿಂಟ್ ಮೊದಲಾದ ಉಚಿತ ವ್ಯವಸ್ಥೆಗಳನ್ನು ಅಳವಡಿಸಿಕೊಳ್ಳುವವರುಂಟು. ಬಳ್ಳಾರಿಯ ಪಾರ್ವತಿನಗರದ ನಮ್ಮ ಮನೆಯಲ್ಲಿಯೂ ಈ ಕಾರ್ಯ ನಡೆಯಿತು. ಮುಗಿದ ಮೇಲೆ ನೋಡಿದರೆ, ಪರದೆಯ ಅಕ್ಷರಗಳು ಅಡ್ಡಡ್ಡ ಹಿಗ್ಗಿ ಮಸುಕಾಗಿದ್ದವು. ಠಕಾರದ ಹೊಟ್ಟೆಯೊಳಗಿನ ಚುಕ್ಕೆ ಅಳಿಸಿಹೋಗಿ 'ಮಠ'ವು 'ಮರ'ವಾಗಿತ್ತು. ಮಕ್ಕಳಿಗೆ ಪ್ರಶ್ನಪತ್ರಿಕೆ ಸಿದ್ಧಪಡಿಸಬೇಕಾಗಿದ್ದ ನನಗೆ ಇದು ಸಣ್ಣ ಮಾತಲ್ಲ. ಮೊದಲು ಕನ್ನಡಕವನ್ನು ಒರೆಸಿಕೊಂಡೆ. ನೆರೆಯವರೊಬ್ಬರು ಬಂದು ನೋಡಿ, "ಮಾನಿಟರ್ ಹೋಗೈತಿ ಮೇಷ್ಟ್ರೇ, ಹೊಸದು ತಗೊಳ್ರಿ" ಎಂದರು.

ಕುಣಿಯಲಾರದವಳಿಗೆ ನೆಲ ಡೊಂಕು ಎಂಬಂತೆ, ಇಂತಹ ಸಮಯದಲ್ಲಿ ಪರದೆಯನ್ನು ದೂರುವುದು ವಾಡಿಕೆ. ತಪ್ಪು ಸಾಮಾನ್ಯವಾಗಿ ಪರದೆಯದಲ್ಲ. ಪರದೆಯ ಅಳತೆ ವ್ಯವಸ್ಥೆಗೆ ತಿಳಿಯದಿರುವುದೇ ಮೂಲ.

ಪರದೆಯೆಂದರೆ ಬೆಳಕಿನ ಚುಕ್ಕೆಗಳ ರಂಗೋಲಿ. ನಮ್ಮ ಪರದೆಯಲ್ಲಿ ಅಡ್ಡಲಾಗಿ 1366, ಉದ್ದಕ್ಕೆ 768, ಒಟ್ಟು ಸುಮಾರು ಹತ್ತೂವರೆ ಲಕ್ಷ ಚುಕ್ಕೆಗಳಿವೆ. ತಯಾರಿಸುವಾಗಲೇ ನಿಶ್ಚಿತವಾದ ಈ ಲೆಕ್ಕವನ್ನು ಆಮೇಲೆ ಬದಲಿಸಲಾಗದು. ಅಳತೆ ಅರಿಯದ ವ್ಯವಸ್ಥೆಯು 1024ಕ್ಕೆ 768ರ ಚಿತ್ರವನ್ನು ಕಳುಹಿಸಿತು. ಆಗ ಚಿತ್ರದ ಒಂದೊಂದು ಚುಕ್ಕೆಯೂ ಪರದೆಯ ಒಂದೂಕಾಲಕ್ಕಿಂತ ತುಸು ಹೆಚ್ಚಿನ ಜಾಗವನ್ನು ತುಂಬಬೇಕು. ಚುಕ್ಕೆಯನ್ನು ತುಂಡರಿಸಲಾಗದ ಕಾರಣ ಪಕ್ಕದ ಬಣ್ಣಗಳು ಬೆರೆಯುತ್ತವೆ. ಅದೇ ಮಸುಕು.

ಹಾಗಾದರೆ ವ್ಯವಸ್ಥೆಗೆ ಅಳತೆ ತಿಳಿಯುವುದು ಹೇಗೆ? ಪರದೆಯೊಳಗಿನ ಸಣ್ಣದೊಂದು ಸ್ಮೃತಿಕೋಶದಲ್ಲಿ ಅದರ ಅಳತೆ ಬರೆದಿರುತ್ತದೆ. ತಂತಿಯ ಮೂಲಕ ಅದು ಯಂತ್ರಕ್ಕೆ ತಲುಪುತ್ತದೆ. 1994ರಲ್ಲಿ ಈ ಕ್ರಮಕ್ಕೆ ಉದ್ಯಮದ ಮಾನಕದ ರೂಪ ದೊರೆಯಿತು. ನಮ್ಮೂರಿನ ಜೀನ್ಸ್ ಹೊಲಿಯುವವರ ಕೈಗೆ ಅಳತೆಯ ಚೀಟಿ ಸೇರದಿದ್ದರೆ ಅವರು ಎಲ್ಲರಿಗೂ ಹೊಂದಬಹುದಾದ ಅಳತೆಗೆ ಕತ್ತರಿಸಬೇಕಷ್ಟೆ. ಗಣಕದ ಪಾಡೂ ಹಾಗೆಯೇ.

ಪರಿಹಾರವನ್ನು ಹೀಗೆ ಕ್ರಮವಾಗಿ ಮಾಡಬೇಕು. ಯಂತ್ರವನ್ನು ಆರಿಸಿ, ತಂತಿಯ ಎರಡು ತುದಿಗಳನ್ನೂ ಬಿಗಿಮಾಡಿರಿ. ನಡುವೆ ಪರಿವರ್ತಕವಿದ್ದರೆ ತೆಗೆದು, ಸಾಧ್ಯವಿದ್ದಲ್ಲಿ ನೇರವಾಗಿ ಜೋಡಿಸಿರಿ. ಅನಂತರ ಸೆಟ್ಟಿಂಗ್ಸ್‌ನಲ್ಲಿ ಡಿಸ್‌ಪ್ಲೇ ವಿಭಾಗವನ್ನು ತೆರೆದು, ಪರದೆಯ ಕೈಪಿಡಿಯಲ್ಲಿರುವ ಅಳತೆಯನ್ನೇ ಆರಿಸಿರಿ. ಆರಿಸಿದೊಡನೆ ಪರದೆ ಕಪ್ಪಾದರೆ ಗಾಬರಿ ಬೇಡ. ಏನನ್ನೂ ಮುಟ್ಟದಿದ್ದರೆ ಹದಿನೈದು ಇಪ್ಪತ್ತು ಸೆಕೆಂಡುಗಳಲ್ಲಿ ಹಳೆಯ ಅಳತೆ ಸಾಮಾನ್ಯವಾಗಿ ತಾನೇ ಮರಳುತ್ತದೆ.

ಆ ಅಳತೆ ಪಟ್ಟಿಯಲ್ಲೇ ಇಲ್ಲದಿದ್ದರೆ, ಚಿತ್ರ ಮೂಡಿಸುವ ಭಾಗಕ್ಕೆ ತಕ್ಕ ಡ್ರೈವರ್ ಎಂಬ ತಂತ್ರಾಂಶ ಬಂದಿಲ್ಲವೆಂದು ಶಂಕಿಸಬೇಕು. ಅಂತರಜಾಲ ಜೋಡಿಸಿ, ಉಬುಂಟುವಿನಲ್ಲಿ ಅಡಿಷನಲ್ ಡ್ರೈವರ್ಸ್, ಮಿಂಟ್‌ನಲ್ಲಿ ಡ್ರೈವರ್ ಮ್ಯಾನೇಜರ್ ಎಂಬುದನ್ನು ತೆರೆದು ಸೂಚಿಸಿದ್ದನ್ನು ಹಾಕಿಕೊಂಡು, ಯಂತ್ರವನ್ನು ಮತ್ತೆ ಚಾಲೂ ಮಾಡಿರಿ. ವಿಂಡೋಸ್‌ನಲ್ಲಾದರೆ ಅಪ್‌ಡೇಟ್ ಮಾಡಿದಾಗ ಅದು ಬಹುಮಟ್ಟಿಗೆ ತಾನಾಗಿಯೇ ಬರುತ್ತದೆ.

ಒಂದು ಎಚ್ಚರಿಕೆ. ಅಳತೆ ಸರಿಯಾದೊಡನೆ ಅಕ್ಷರಗಳು ಚಿಕ್ಕವಾಗಿ ತೋರಬಹುದು. ನನ್ನಂತೆ ಐವತ್ತು ದಾಟಿದವರು ಆಗ ಮತ್ತೆ ಚುಕ್ಕೆಗಳ ಲೆಕ್ಕವನ್ನು ಇಳಿಸಬಾರದು. ಸ್ಕೇಲ್ ಎಂಬಲ್ಲಿ ನೂರಕ್ಕೆ ಬದಲು ನೂರಿಪ್ಪತ್ತೈದು ಮಾಡಿಕೊಳ್ಳಬೇಕು. ಅಕ್ಷರವೂ ದೊಡ್ಡದಾಗುತ್ತದೆ, ಒತ್ತು ದೀರ್ಘಗಳೂ ಸ್ಫುಟವಾಗಿ ಉಳಿಯುತ್ತವೆ.

ನಮ್ಮ ಮನೆಯಲ್ಲಿ ಆದದ್ದಾದರೂ ಏನು? ಯಂತ್ರವನ್ನು ಎತ್ತಿಡುವಾಗ ತಂತಿ ಸಡಿಲವಾಗಿತ್ತು. ತಿರುಪು ಬಿಗಿಮಾಡಿ ಯಂತ್ರವನ್ನು ಮತ್ತೆ ಹಚ್ಚಿದೆ. ಠಕಾರಕ್ಕೆ ಅದರ ಚುಕ್ಕೆ ಮರಳಿತು. ಹೊಸ ಮಾನಿಟರಿಗೆಂದು ತೆಗೆದಿರಿಸಿದ ಹಣ ಪೆಟ್ಟಿಗೆಯಲ್ಲಿಯೇ ಉಳಿಯಿತು.