ತೆಂಗಿನ ಗರಿಗೆ ಕಪ್ಪು ಮಸಿ: ಬಿಸಿಲಿದ್ದರೂ ಮರಕ್ಕೆ ಹೊಟ್ಟೆಗಿಲ್ಲ

ಅರಸೀಕೆರೆ: ಬಿಳಿ ನೊಣ ಬಿದ್ದ ತೋಟಕ್ಕೆ ಹೋದರೆ ತೆಂಗಿನ ಕೆಳಗಿನ ಗರಿಗಳು ಹೊಗೆ ಹಿಡಿದ ಅಡುಗೆಮನೆ ಸೂರಿನಂತೆ ಕಪ್ಪಾಗಿರುತ್ತವೆ. ಮರದಡಿ ಬೈಕ್ ನಿಲ್ಲಿಸಿದರೆ ಸೀಟೆಲ್ಲಾ ಅಂಟಂಟು. ಗಾಬರಿಯಾಗಿ ಅಂಗಡಿಯಲ್ಲಿ ಸಿಕ್ಕ ಔಷಧ ತಂದು ಹೊಡೆಯುವವರೂ ಇದ್ದಾರೆ. ಆದರೆ ಆ ಮಸಿ ಗರಿಯನ್ನು ತಿನ್ನುವುದಿಲ್ಲ, ಬಿಸಿಲನ್ನು ತಡೆಯುತ್ತೆ ಅಷ್ಟೇ. ತೆಂಗಿಗೆ ಅದೇ ದೊಡ್ಡ ಪೆಟ್ಟು.

ಗೊಬ್ಬರವೇ ಮರದ ಊಟ ಅಂತ ಬಹಳ ಜನ ತಿಳಿದಿದ್ದಾರೆ. ಗೊಬ್ಬರ ಉಪ್ಪು-ಖಾರ ಇದ್ದಂತೆ. ಊಟ ಬೇಯೋದು ಗರಿಯಲ್ಲಿ. ಹೈಸ್ಕೂಲಿನಲ್ಲಿ ದ್ಯುತಿಸಂಶ್ಲೇಷಣೆ ಅಂತ ಬಾಯಿಪಾಠ ಮಾಡಿಸಿದ್ದು ಇದನ್ನೇ. ಬೇರು ಹೀರಿದ ನೀರು ಗರಿಗೆ ಏರುತ್ತೆ. ಗರಿಯ ತಳಭಾಗದ ಸಣ್ಣ ರಂಧ್ರಗಳಿಂದ ಗಾಳಿಯ ಇಂಗಾಲದ ಡೈಆಕ್ಸೈಡ್ ಒಳಗೆ ಹೋಗುತ್ತೆ. ಪತ್ರಹರಿತ್ತು ಅನ್ನೋ ಹಸಿರು ವಸ್ತು ಬಿಸಿಲು ಹಿಡಿದು ಆ ಬಲದಿಂದ ನೀರನ್ನು ಒಡೆಯುತ್ತೆ. ಆಮ್ಲಜನಕ ಹೊರಗೆ ಬರುತ್ತೆ, ನಾವು ಉಸಿರಾಡೋದು ಅದನ್ನೇ. ಉಳಿದ ಜಲಜನಕ ಮತ್ತು ಹಿಡಿದಿಟ್ಟ ಶಕ್ತಿಯಿಂದ ಇಂಗಾಲದ ಡೈಆಕ್ಸೈಡ್ ಸಕ್ಕರೆಯಾಗುತ್ತೆ. ಬಿಸಿಲಿನ ಶಕ್ತಿ ಈಗ ಸಕ್ಕರೆಯೊಳಗೆ ಕೂತಿತು.

ಆ ಸಕ್ಕರೆ ಕಾಯಿಗೆ ಇಳಿದು ಎಣ್ಣೆಯಾಗುತ್ತೆ. ಒಂದು ಗ್ರಾಂ ಸಕ್ಕರೆಯಲ್ಲಿ ಸುಮಾರು 4 ಕ್ಯಾಲೊರಿ, ಎಣ್ಣೆಯಲ್ಲಿ 9. ಒಣಗಿದ ಕೊಬ್ಬರಿಯಲ್ಲಿ ಹೆಚ್ಚುಕಮ್ಮಿ ಮೂರರಲ್ಲಿ ಎರಡು ಪಾಲು ಎಣ್ಣೆಯೇ. ಎಪಿಎಂಸಿಯಲ್ಲಿ ತೂಗುವ ಕೊಬ್ಬರಿ ಚೀಲದಲ್ಲಿ ಇರೋದು ಗಂಟು ಕಟ್ಟಿದ ಬಿಸಿಲು.

ಎಲ್ಲ ಬೆಳೆಗೂ ಬಿಸಿಲಿನ ಹಸಿವು ಒಂದೇ ಅಲ್ಲ. ಬೇಲೂರು ಕಡೆ ಕಾಫಿಗೆ ಸಿಲ್ವರ್ ಮರದ ನೆರಳು ಬೇಕು, ಅದು ಮೂಲದಲ್ಲಿ ಕಾಡಿನ ನೆರಳಲ್ಲಿ ಬೆಳೆದ ಗಿಡ. ಹಳೇಬೀಡು ಸುತ್ತಿನ ಮುಸುಕಿನ ಜೋಳ ಸುಡುಬಿಸಿಲಲ್ಲೂ ಚುರುಕಾಗಿ ಕೆಲಸ ಮಾಡುತ್ತೆ. ತೆಂಗಿಗೂ ನೆರಳು ಆಗಿಬರಲ್ಲ.

ಈಗ ಮಸಿ ಎಲ್ಲಿಂದ ಬಂತು ನೋಡಿ. ಇದು ರೂಗೋಸ್ ಸುರುಳಿ ಬಿಳಿ ನೊಣದ ಕೆಲಸ. ಹೊರದೇಶದ ಈ ಕೀಟ ಭಾರತದಲ್ಲಿ ಮೊದಲು ಕಂಡಿದ್ದು 2016ರಲ್ಲಿ, ತಮಿಳುನಾಡಿನ ಪೊಳ್ಳಾಚಿ ಕಡೆ. ಗರಿಯ ತಳಭಾಗದಲ್ಲಿ ಕೂತು ಮರ ಮಾಡಿಟ್ಟ ಸಿಹಿ ರಸ ಹೀರುತ್ತೆ. ಅರಗದೆ ಉಳಿದ ಸಿಹಿ ಅಂಟಾಗಿ ಕೆಳಗಿನ ಗರಿ ಮೇಲೆ ಬೀಳುತ್ತೆ, ಆ ಅಂಟಿನ ಮೇಲೆ ಕಪ್ಪು ಬೂಷ್ಟು ಬೆಳೆಯುತ್ತೆ. ಮೇಲಿನ ಗರಿ ದುಡಿದ ಸಕ್ಕರೆಯೇ ಕೆಳಗಿನ ಗರಿಗೆ ಪರದೆ!

ನಷ್ಟ ತಕ್ಷಣ ಕಾಣಲ್ಲ, ಮೋಸ ಹೋಗೋದೇ ಇಲ್ಲಿ. ಹೊಂಬಾಳೆ ಒಡೆದು ಕಾಯಿ ಬಲಿಯಲು ಹನ್ನೊಂದು-ಹನ್ನೆರಡು ತಿಂಗಳು. ಉಂಡೆ ಕೊಬ್ಬರಿಗೆ ಅಟ್ಟದ ಮೇಲೆ ಇನ್ನೂ ಎಂಟು ತಿಂಗಳಾದರೂ ಬೇಕು. ಹೀಗಾಗಿ ಇವತ್ತು ಕಪ್ಪಾದ ಗರಿಯ ಲೆಕ್ಕ ಮಾರುಕಟ್ಟೆಗೆ ಬರೋದು ಒಂದೂವರೆ ವರ್ಷ ಕಳೆದ ಮೇಲೆ. ಕೊಬ್ಬರಿ ದುಡ್ಡು ನಂಬಿ ಉದ್ರಿ ಕೊಡುವ ಅಂಗಡಿಯವರಿಗೂ ಆಗಲೇ ಗೊತ್ತಾಗೋದು.

ಮಸಿ ಮೇಲ್ಗಡೆ ಮಾತ್ರ ಇರೋದರಿಂದ ತೆಗೆಯಬಹುದು. ಕಾಸರಗೋಡಿನ ಕೇಂದ್ರೀಯ ತೋಟಪಟ್ಟಿ ಬೆಳೆಗಳ ಸಂಶೋಧನಾ ಸಂಸ್ಥೆ ಹೇಳೋದು ಶೇ. 1ರ ಗಂಜಿ ದ್ರಾವಣ, ಅಂದರೆ ಲೀಟರ್ ನೀರಿಗೆ 10 ಗ್ರಾಂ ಪಿಷ್ಟ. ಗರಿ ಮೇಲೆ ಸಿಂಪಡಿಸಿದರೆ ಗಂಜಿ ಒಣಗಿ, ಮಸಿಯನ್ನೂ ಹಿಡಿದುಕೊಂಡು ಸಿಪ್ಪೆಯಂತೆ ಉದುರುತ್ತೆ. ಜೋರು ಮಳೆ ಬಂದರೆ ಅದೂ ತೊಳೆಯುತ್ತೆ. ನೊಣ ಜಾಸ್ತಿ ಇದ್ದರೆ ಲೀಟರಿಗೆ 5 ಮಿ.ಲೀ. ಬೇವಿನೆಣ್ಣೆ ಹೊಡೆಯಬಹುದು.

ಕಟುವಾದ ಕೀಟನಾಶಕ ಬೇಡ. ಎನ್ಕಾರ್ಸಿಯಾ ಅನ್ನೋ ಪುಟ್ಟ ಕಣಜ ಈ ನೊಣದ ಮರಿಗಳಲ್ಲಿ ಮೊಟ್ಟೆಯಿಟ್ಟು ಅವನ್ನು ಕೊಲ್ಲುತ್ತೆ, ಔಷಧಕ್ಕೆ ಮೊದಲು ಸಾಯೋದು ಅದೇ. ಸಿಂಪಡಣೆಗೆ ಮುಂಚೆ ಒಂದು ಗರಿ ಕೊಯ್ದು ತಳಭಾಗ ತಿರುಗಿಸಿ ನೋಡಿ. ಬಿಳಿ ಮರಿಗಳ ನಡುವೆ ಕಪ್ಪಗಾದವು ಕಂಡರೆ ಕಣಜ ಬಂದಿದೆ ಅಂತ ಅರ್ಥ. ಅಂಥ ಗರಿಯನ್ನು ಸುಡಬೇಡಿ, ಮರದ ಬುಡದಲ್ಲೇ ಬಿಡಿ.