ಕಾಫಿ ತೋಟದ ಮನೆಗಳಲ್ಲಿ ಬೆಂಕಿ ಅನಾಹುತ: ತಡೆಗಟ್ಟುವಿಕೆ ಮತ್ತು ಪೂರ್ವಸಿದ್ಧತೆ

ಮಲೆನಾಡಿನಲ್ಲಿ ಬೆಂಕಿ ಎಂದೊಡನೆ ಬೇಸಿಗೆಯ ಕಾಡ್ಗಿಚ್ಚು ನೆನಪಾಗುವುದು ಸಹಜ. ಆದರೆ ಮನೆಯೊಳಗಿನ ಬೆಂಕಿಗೆ ಋತುಭೇದವಿಲ್ಲ. ಮೂಡಿಗೆರೆ, ಕಳಸ ಭಾಗದಲ್ಲಿ ಮಳೆಗಾಲದುದ್ದಕ್ಕೂ ಒಲೆಯ ಮೇಲಿನ ಅಟ್ಟದಲ್ಲಿ ಸೌದೆ ಒಣಗುತ್ತಿರುತ್ತದೆ. ಕೊಯ್ಲಿನ ಕಾಲದಲ್ಲಿ ಗೋಣಿಚೀಲ, ಡೀಸೆಲ್ ಕ್ಯಾನುಗಳು ಮನೆಯೊಳಗೇ ಸೇರುತ್ತವೆ. ಅಗ್ನಿಶಾಮಕ ವಾಹನವು ತಿರುವು ರಸ್ತೆಗಳನ್ನು ದಾಟಿ ತೋಟದ ಮನೆ ತಲುಪುವ ವೇಳೆಗೆ ಮರದ ಪಕಾಸು, ರೀಪುಗಳ ಮಾಡು ಉಳಿದಿರುವುದು ಕಷ್ಟ. ಆದುದರಿಂದ ಮೊದಲ ಅರ್ಧ ಗಂಟೆಯ ಹೊಣೆ ಗ್ರಾಮದ್ದೇ ಆಗಿದೆ.

ಮುಖ್ಯ ಕಾರಣಗಳು

1. ವಿದ್ಯುತ್: 2,000 ವ್ಯಾಟ್‌ನ ಹೀಟರ್ 230 ವೋಲ್ಟ್‌ನಲ್ಲಿ ಸುಮಾರು 8.7 ಆಂಪಿಯರ್ ವಿದ್ಯುತ್ ಎಳೆಯುತ್ತದೆ. ದೀಪ, ಫ್ಯಾನ್‌ಗಳಿಗಾಗಿ ಇರುವ 6 ಆಂಪಿಯರ್ ಸಾಕೆಟ್‌ಗೆ ಇದನ್ನು ಜೋಡಿಸಿದರೆ ತಂತಿ ಕಾದು, ಹೊದಿಕೆ ಕರಗಿ ಕಿಡಿ ಹಾರುತ್ತದೆ. ಇಂತಹ ಉಪಕರಣಗಳಿಗೆ 16 ಆಂಪಿಯರ್ ಸಾಕೆಟ್ ಹಾಗೂ ಅದಕ್ಕೆ ತಕ್ಕ ದಪ್ಪದ ತಂತಿ ಅವಶ್ಯ. ಫ್ಯೂಸ್ ಸುಟ್ಟಾಗ ದಪ್ಪ ತಂತಿ ಕಟ್ಟುವುದು ರಕ್ಷಣೆಯನ್ನೇ ಕಿತ್ತುಹಾಕಿದಂತೆ.

2. ಅಡುಗೆ ಅನಿಲ: ಇದು ಗಾಳಿಗಿಂತ ಭಾರವಾದುದರಿಂದ ಸೋರಿದಾಗ ನೆಲಮಟ್ಟದಲ್ಲಿ ಹರಡುತ್ತದೆ. ವಾಸನೆ ಬಂದರೆ ಸ್ವಿಚ್ ಮುಟ್ಟದೆ, ರೆಗ್ಯುಲೇಟರ್ ಮುಚ್ಚಿ, ಬಾಗಿಲು ಕಿಟಕಿ ತೆರೆದು ಹೊರಬಂದು 1906ಕ್ಕೆ ಕರೆ ಮಾಡಬೇಕು. ಪಕ್ಕದಲ್ಲಿ ಸೌದೆ ಒಲೆ ಉರಿಯುವ ಮನೆಗಳಲ್ಲಿ ಈ ಅಪಾಯ ಇಮ್ಮಡಿ.

3. ಲೈನ್ ಮನೆಗಳು: ಹಲವು ಲೈನ್‌ಗಳಲ್ಲಿ ಮನೆಗಳ ನಡುಗೋಡೆ ಮಾಡಿನವರೆಗೆ ಏರಿರುವುದಿಲ್ಲ. ಒಂದು ಮನೆಯ ಬೆಂಕಿ ಅಟ್ಟದ ಮೂಲಕ ಸಾಲಿಗೇ ಹಬ್ಬುತ್ತದೆ. ಪೋಷಕರು ಕೆಲಸಕ್ಕೆ ಹೋಗುವಾಗ ಮಕ್ಕಳನ್ನು ಒಳಗಿರಿಸಿ ಹೊರಗಿನಿಂದ ಬೀಗ ಹಾಕುವ ರೂಢಿ ಎಲ್ಲಕ್ಕಿಂತ ಅಪಾಯಕಾರಿ. ಮನೆ ಮತ್ತೆ ಕಟ್ಟಬಹುದು. ಮಗುವಿನ ಜೀವ ಮರಳದು.

ಗ್ರಾಮ ಪಂಚಾಯಿತಿ ಕೈಗೊಳ್ಳಬಹುದಾದ ಕ್ರಮಗಳು

* ವಾರ್ಡ್‌ವಾರು ಲೈನ್ ಮನೆಗಳು, ಒಂಟಿ ಮನೆಗಳು ಮತ್ತು ನಡೆಯಲಾರದ ವೃದ್ಧರಿರುವ ಮನೆಗಳ ಪಟ್ಟಿ ಸಿದ್ಧಪಡಿಸುವುದು.

* ತೋಟದ ಗೇಟ್ ಕೀಲಿ ರಾತ್ರಿ ಯಾರ ಬಳಿ ಇರುತ್ತದೆ, ಅಗ್ನಿಶಾಮಕ ವಾಹನ ಎಲ್ಲಿಯವರೆಗೆ ಬರಬಲ್ಲದು, ಮೊಬೈಲ್ ಸಿಗ್ನಲ್ ಎಲ್ಲಿ ದೊರೆಯುತ್ತದೆ ಎಂಬುದನ್ನು ಮಾಲೀಕರೊಂದಿಗೆ ಚರ್ಚಿಸಿ ದಾಖಲಿಸುವುದು.

* ಔಷಧಿ ಸಿಂಪಡಣೆಯ ಪಂಪ್, ಉದ್ದದ ಪೈಪ್ ಮತ್ತು 200 ಲೀಟರ್ ಬ್ಯಾರೆಲ್‌ಗಳು ತೋಟಗಳಲ್ಲಿ ಇದ್ದೇ ಇರುತ್ತವೆ. ಒಂದು ಬ್ಯಾರೆಲ್‌ನಲ್ಲಿ ಶುದ್ಧ ನೀರು ತುಂಬಿಸಿ ಲೈನ್ ಬಳಿ ಇರಿಸುವಂತೆ ಕೋರುವುದು. ವಿದ್ಯುತ್ ಕಡಿತಗೊಳಿಸದೆ ನೀರು ಹಾಯಿಸಬಾರದು; ಹೊತ್ತಿದ ಎಣ್ಣೆಗೆ ನೀರು ಹಾಕಲೇಬಾರದು, ಮುಚ್ಚಳ ಮುಚ್ಚಬೇಕು.

* 101 (ಅಗ್ನಿಶಾಮಕ), 112 (ತುರ್ತು ಸೇವೆ), 1912 (ಮೆಸ್ಕಾಂ) ಸಂಖ್ಯೆಗಳನ್ನೂ ನೀರುಗಂಟಿಯ ಸಂಖ್ಯೆಯನ್ನೂ ಪ್ರತಿ ಲೈನ್‌ನಲ್ಲಿ, ಕಾರ್ಮಿಕರು ಓದಬಲ್ಲ ಭಾಷೆಯಲ್ಲಿ ಬರೆಸುವುದು.

ಅನಾಹುತದ ನಂತರ

ಸುಟ್ಟ ಗಾಯಕ್ಕೆ ಪೇಸ್ಟ್, ಶಾಯಿ ಹಚ್ಚದೆ, 20 ನಿಮಿಷ ಹರಿಯುವ ತಣ್ಣೀರು ಹಾಯಿಸಿ ಆಸ್ಪತ್ರೆಗೆ ಒಯ್ಯಬೇಕು. ರಾಜ್ಯ ವಿಪತ್ತು ಪರಿಹಾರ ನಿಧಿಯ ವಿಪತ್ತುಗಳ ಪಟ್ಟಿಯಲ್ಲಿ ಬೆಂಕಿಯೂ ಸೇರಿದೆ. ಸಂತ್ರಸ್ತರು ಅವಶೇಷ ತೆರವುಗೊಳಿಸುವ ಮೊದಲೇ ಗ್ರಾಮ ಆಡಳಿತಾಧಿಕಾರಿಗೆ ಮಾಹಿತಿ ನೀಡಿ ಪಂಚನಾಮೆ ಮಾಡಿಸಲು ಸದಸ್ಯರು ನೆರವಾಗಬೇಕು. ಪಡಿತರ ಚೀಟಿ, ಆಧಾರ್ ಸುಟ್ಟುಹೋದ ವಲಸೆ ಕುಟುಂಬಗಳಿಗೆ ಈ ನೆರವು ಇನ್ನಷ್ಟು ಅಗತ್ಯ.

ಕೊಯ್ಲು ಆರಂಭವಾಗಿ ಲೈನ್‌ಗಳು ತುಂಬುವ ಮೊದಲೇ ಈ ವಿಷಯವನ್ನು ಸಾಮಾನ್ಯ ಸಭೆಯಲ್ಲಿ ಚರ್ಚಿಸಿ, ಪ್ರತಿ ವಾರ್ಡ್‌ಗೆ ಒಬ್ಬ ಸದಸ್ಯರಿಗೆ ಹೊಣೆ ವಹಿಸುವುದು ಸೂಕ್ತ.